ಹೆಸರು, ವಿಳಾಸ, ಜನ್ಮದಿನಾಂಕ: ಇವೂ ನ್ಯಾಸವೇ

(ಮುಂಬಯಿಯಲ್ಲಿ ನಡೆದ ಕನ್ನಡ ಜೈನ ಕುಟುಂಬಗಳ ಸಮ್ಮಿಲನದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ತಂತ್ರಜ್ಞಾನ ಮತ್ತು ವ್ಯವಹಾರದ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಸೂಚಿಸಿದ್ದಾರೆ. ಇದು ಬಹಳ ವಿಸ್ತಾರವಾದ ವಿಷಯ. ಆದುದರಿಂದ ಈ ಸಭೆ ಇಂದೇ ನಿರ್ಧರಿಸಬೇಕಾದ ಒಂದು ಸಂಗತಿಗೆ ನನ್ನ ಮಾತನ್ನು ಸೀಮಿತಗೊಳಿಸುತ್ತೇನೆ. ನಮ್ಮ ಕುಟುಂಬ ಪರಿಚಯ ಪುಸ್ತಕದ ಹೊಸ ಆವೃತ್ತಿ ಸಿದ್ಧವಾಗುತ್ತಿದೆ. ಈ ಬಾರಿ ಅದನ್ನು ಅಚ್ಚು ಹಾಕಿಸುವುದಲ್ಲದೆ ಪಿಡಿಎಫ್ ರೂಪದಲ್ಲಿ ಎಲ್ಲ ವಾಟ್ಸಾಪ್ ಬಳಗಗಳಿಗೂ ಕಳುಹಿಸಬೇಕೆಂಬ ಸಲಹೆ ಇದೆ. ಅದಕ್ಕಾಗಿ ಹಂಚಿರುವ ನಮೂನೆಯಲ್ಲಿ ಮನೆಯ ಪ್ರತಿಯೊಬ್ಬರ ಹೆಸರು, ಜನ್ಮದಿನಾಂಕ, ರಕ್ತದ ಗುಂಪು, ಉದ್ಯೋಗ, ವಾರ್ಷಿಕ ಆದಾಯ, ದೂರವಾಣಿ ಸಂಖ್ಯೆ, ಮನೆಯ ಸಂಖ್ಯೆ, ಅವಿವಾಹಿತ ಮಕ್ಕಳ ಭಾವಚಿತ್ರ ಇವೆಲ್ಲವನ್ನೂ ಕೇಳಲಾಗಿದೆ. ಈ ಸಲಹೆಯನ್ನು ಹೀಗೆಯೇ ಒಪ್ಪಬಾರದೆಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ನಿಮ್ಮ ಮುಂದಿಡುತ್ತೇನೆ.

ಪರಿಚಯ ಪುಸ್ತಕದ ಉಪಕಾರವನ್ನು ನಾನು ಕಡೆಗಣಿಸುತ್ತಿಲ್ಲ. ಮೂಡಬಿದಿರೆ, ಕಾರ್ಕಳದ ಕಡೆಯಿಂದಲೂ ಬೆಳಗಾವಿ, ಹುಬ್ಬಳ್ಳಿಯ ಕಡೆಯಿಂದಲೂ ಬಂದ ನಮ್ಮ ಹಿರಿಯರಿಗೆ ಈ ಅಪರಿಚಿತ ನಗರದಲ್ಲಿ ನಮ್ಮವರು ಯಾರು, ಎಲ್ಲಿದ್ದಾರೆ ಎಂದು ತಿಳಿಯಲು ಬೇರೆ ದಾರಿಯಿರಲಿಲ್ಲ. ಕೆಲಸ ಹುಡುಕುವಾಗ, ಆಸ್ಪತ್ರೆಗೆ ಸೇರಿದಾಗ, ಮಕ್ಕಳಿಗೆ ಸಂಬಂಧ ನೋಡುವಾಗ ಆ ಪುಸ್ತಕವೇ ನೆರವಿಗೆ ಬಂದಿದೆ. ಆದರೆ ಅಚ್ಚಾದ ಪುಸ್ತಕ ಮನೆಯ ಕಪಾಟಿನಲ್ಲಿರುತ್ತಿತ್ತು. ಅದನ್ನು ತೆರೆದು ನೋಡುತ್ತಿದ್ದವರು ನಮ್ಮವರೇ. ಪಿಡಿಎಫ್‌ಗೆ ಕಪಾಟಿಲ್ಲ. ಒಮ್ಮೆ ಬಳಗಕ್ಕೆ ಹಾಕಿದ ಕಡತ ಎಷ್ಟು ದೂರವಾಣಿಗಳಲ್ಲಿ ಉಳಿಯಿತು, ಯಾರ ಕೈ ಸೇರಿತು ಎಂಬುದನ್ನು ಅಧ್ಯಕ್ಷರಾಗಲಿ ಕಾರ್ಯದರ್ಶಿಯಾಗಲಿ ಹೇಳಲಾರರು. ಅದನ್ನು ಹಿಂದಕ್ಕೆ ಪಡೆಯುವುದಂತೂ ಸಾಧ್ಯವೇ ಇಲ್ಲ.

ಇದರಿಂದಾಗುವ ಹಾನಿ ಎರಡು ಬಗೆಯದು. ಮೊದಲನೆಯದು ಹಣದ ಹಾನಿ. 'ಡಿಜಿಟಲ್ ಬಂಧನ' ಎಂಬ ವಂಚನೆಯನ್ನು ನೀವೆಲ್ಲ ಕೇಳಿದ್ದೀರಿ. ಪೊಲೀಸರೆಂದೋ ಸುಂಕದ ಅಧಿಕಾರಿಗಳೆಂದೋ ಹೇಳಿಕೊಂಡು ವೀಡಿಯೊ ಕರೆ ಮಾಡಿ, ವೃದ್ಧರನ್ನು ಗಂಟೆಗಟ್ಟಲೆ ಹೆದರಿಸಿ, ಉಳಿತಾಯವನ್ನೆಲ್ಲ ಬೇರೆ ಖಾತೆಗೆ ವರ್ಗಾಯಿಸಿಕೊಳ್ಳುವ ಕೃತ್ಯವಿದು. 2024ರ ಅಕ್ಟೋಬರ್‌ನಲ್ಲಿ ಪ್ರಧಾನಮಂತ್ರಿಗಳೇ ತಮ್ಮ ಆಕಾಶವಾಣಿ ಭಾಷಣದಲ್ಲಿ ಇದರ ಬಗ್ಗೆ ಎಚ್ಚರಿಸಬೇಕಾಯಿತು. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಹಾಗಿದ್ದರೂ ಓದಿದವರು, ವ್ಯವಹಾರ ಬಲ್ಲವರು ಏಕೆ ನಂಬುತ್ತಾರೆ? ಕರೆ ಮಾಡಿದವನು ಅವರ ಹೆಸರು, ವಯಸ್ಸು, ಮನೆಯ ಸಂಖ್ಯೆ, ಮಗ ಯಾವ ದೇಶದಲ್ಲಿದ್ದಾನೆ ಎಂಬುದನ್ನೆಲ್ಲ ತಪ್ಪಿಲ್ಲದೆ ಹೇಳುವುದರಿಂದ. ಇಷ್ಟೆಲ್ಲ ತಿಳಿದವನು ಅಧಿಕಾರಿಯೇ ಇರಬೇಕೆಂದು ಮುಗ್ಧ ಮನಸ್ಸು ತೀರ್ಮಾನಿಸುತ್ತದೆ. ನಾವು ಸಿದ್ಧಪಡಿಸುತ್ತಿರುವ ಪುಸ್ತಕದಲ್ಲಿ ಅವನಿಗೆ ಬೇಕಾದುದೆಲ್ಲ ಅಕಾರಾದಿಯಾಗಿ ಜೋಡಿಸಲ್ಪಟ್ಟಿದೆ.

ಎರಡನೆಯದು ಮಾನದ ಹಾನಿ. ಇದನ್ನು ಹೆಚ್ಚಾಗಿ ಅನುಭವಿಸುವವರು ನಮ್ಮ ಹೆಣ್ಣುಮಕ್ಕಳು. ವಧುವಿನ ಪರಿಚಯಪತ್ರ ಭಾವಚಿತ್ರದೊಡನೆ, ದೂರವಾಣಿ ಸಂಖ್ಯೆಯೊಡನೆ, ವೇತನದ ಮೊತ್ತದೊಡನೆ ಬಳಗದಿಂದ ಬಳಗಕ್ಕೆ ಸಾಗುತ್ತದೆ. ಮದುವೆಯಾದ ಮೇಲೂ ಅದು ನಿಲ್ಲುವುದಿಲ್ಲ. ನಿಶ್ಚಿತಾರ್ಥ ಮುರಿದರೆ ಅದರ ಕೆಳಗೆ ಒಂದು ಟಿಪ್ಪಣಿ ಸೇರುತ್ತದೆ, ವಿಚ್ಛೇದನವಾದರೆ ಇನ್ನೊಂದು. ಈ ಪತ್ರವನ್ನು ಕಳುಹಿಸಿದವರು ಸೋದರಮಾವನೋ ದೊಡ್ಡಪ್ಪನೋ ಆಗಿರುತ್ತಾರೆ. ಅವರ ಉದ್ದೇಶದಲ್ಲಿ ದೋಷವಿಲ್ಲ. ಆದರೆ ಆ ಮಗಳನ್ನು ಯಾರಾದರೂ ಕೇಳಿದರೇ? ಮತದಾನಕ್ಕೆ, ಬ್ಯಾಂಕ್ ಸಾಲಕ್ಕೆ ಅವಳ ಸಹಿಯೇ ಸಾಕೆಂದು ಒಪ್ಪಿರುವ ನಾವು ಅವಳ ಭಾವಚಿತ್ರಕ್ಕೆ ಮಾತ್ರ ಅವಳ ಒಪ್ಪಿಗೆ ಬೇಡವೆನ್ನುವುದು ಯಾವ ನ್ಯಾಯ?

ಇನ್ನು ಕಾನೂನಿನ ಮಾತು. ಖಾಸಗಿತನವು ಸಂವಿಧಾನದ 21ನೆಯ ವಿಧಿಯಡಿ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಸರ್ವಾನುಮತದಿಂದ ತೀರ್ಪಿತ್ತಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. ದೇಶಕ್ಕೆಲ್ಲ ಅನ್ವಯಿಸುವ ಈ ಹಕ್ಕಿನ ಹಿಂದೆ ಒಬ್ಬ ಕನ್ನಡನಾಡಿನ ಹಿರಿಯರ ಹಟವಿತ್ತೆಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು.

ಈ ತೀರ್ಪಿನ ಮುಂದುವರಿಕೆಯಾಗಿ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿತು. 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಪ್ರಕಟವಾದವು. ಸಂಸ್ಥೆಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಇದು ದೊಡ್ಡ ಕಂಪನಿಗಳ ವಿಷಯ, ನಮಗೇನು ಎಂದು ಕೆಲವರು ಭಾವಿಸಬಹುದು. ಹಾಗಲ್ಲ. ಮನೆಯ ಖಾಸಗಿ ಬಳಕೆಗೆ ಒಬ್ಬ ವ್ಯಕ್ತಿ ಇಟ್ಟುಕೊಂಡ ಮಾಹಿತಿಗೆ ಕಾಯ್ದೆಯಿಂದ ವಿನಾಯಿತಿಯಿದೆ. ಒಂದು ಸಂಘವೋ ಟ್ರಸ್ಟೋ ನೂರಾರು ಕುಟುಂಬಗಳ ವಿವರವನ್ನು ಸಂಗ್ರಹಿಸಿ ಗಣಕೀಕರಿಸಿದರೆ ಆ ವಿನಾಯಿತಿ ಅದಕ್ಕೆ ಸಲ್ಲುವುದಿಲ್ಲ. ಕಾಯ್ದೆಯ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಮಾತ್ರವಿರಬೇಕು. ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯಲೂ ಬರಬೇಕು. ಹದಿನೆಂಟು ವರ್ಷ ತುಂಬದವರ ಮಾಹಿತಿಗೆ ತಂದೆ ತಾಯಿಯ ದೃಢೀಕೃತ ಒಪ್ಪಿಗೆ ಬೇಕು. ಹದಿನೆಂಟು ತುಂಬಿದವರ ಒಪ್ಪಿಗೆಯನ್ನು ಅವರೇ ಕೊಡಬೇಕು. ತಂದೆಯ ಸಹಿ ಮಗಳ ಸಹಿಯಾಗಲಾರದು. ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಪಡೆಯುವ ಹಕ್ಕು ನಮಗಿದೆ. ಮಾಹಿತಿಯ ರಕ್ಷಣೆಗೆ ತಕ್ಕ ಕ್ರಮ ಕೈಗೊಳ್ಳದಿದ್ದರೆ ದಂಡ 250 ಕೋಟಿ ರೂಪಾಯಿಗಳವರೆಗೂ ಹೋಗಬಹುದು. ನಮ್ಮಂಥ ಸಣ್ಣ ಸಂಸ್ಥೆಗೆ ಆ ಪ್ರಮಾಣದ ದಂಡ ಬೀಳದಿರಬಹುದು, ಹೊಣೆಯಂತೂ ತಪ್ಪದು.

ಈ ಕಾಯ್ದೆ ಮಾಹಿತಿ ಇಟ್ಟುಕೊಂಡವರನ್ನು ಮಾಲೀಕರೆಂದು ಕರೆಯುವುದಿಲ್ಲ. ಅವರು ವಿಶ್ವಸ್ಥರು, ಬೇರೆಯವರ ವಸ್ತುವನ್ನು ನಂಬಿಕೆಯಿಂದ ಕಾಯುವವರು ಎನ್ನುತ್ತದೆ. ಈ ಭಾವನೆ ಜೈನರಿಗೆ ಹೊಸದಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಲಾಗಿದೆ. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು. ಒಂದು ರಹೋಭ್ಯಾಖ್ಯಾನ, ಏಕಾಂತದ ಸಂಗತಿಯನ್ನು ಹೊರಗೆ ಆಡುವುದು. ಇನ್ನೊಂದು ಸಾಕಾರಮಂತ್ರಭೇದ, ಇಂಗಿತದಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ ಅದನ್ನು ಬಯಲು ಮಾಡುವುದು. ಮತ್ತೊಂದು ನ್ಯಾಸಾಪಹಾರ. ನಂಬಿ ಇಟ್ಟ ವಸ್ತುವೇ ನ್ಯಾಸ. ಇಟ್ಟವನು ಲೆಕ್ಕ ಮರೆತು ಕಡಿಮೆ ಕೇಳಿದಾಗ ಅಷ್ಟನ್ನೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದೂ ಈ ದೋಷದಲ್ಲಿ ಸೇರುತ್ತದೆ. ಹತ್ತು ವರ್ಷದ ಹಿಂದೆ ಯಾವ ಯಾವ ನಮೂನೆಯಲ್ಲಿ ಏನೇನು ತುಂಬಿಕೊಟ್ಟೆವೆಂಬುದು ನಮ್ಮಲ್ಲಿ ಯಾರಿಗೆ ನೆನಪಿದೆ? ಕೊಟ್ಟವನು ಮರೆತನೆಂದು ಪಡೆದವನ ಹೊಣೆ ತೀರುವುದಿಲ್ಲ. ಇದರೊಡನೆ ಪರಿಗ್ರಹ ಪರಿಮಾಣವನ್ನೂ ಸೇರಿಸಿ ನೋಡಿ. ಅಗತ್ಯಕ್ಕಿಂತ ಹೆಚ್ಚು ಸಂಗ್ರಹಿಸಬಾರದೆಂಬ ಮಾತು ಧಾನ್ಯಕ್ಕೂ ಚಿನ್ನಕ್ಕೂ ಅನ್ವಯಿಸುವುದಾದರೆ ಬೇರೆಯವರ ಆದಾಯದ ಅಂಕಿಗೆ ಏಕೆ ಅನ್ವಯಿಸಬಾರದು?

'ಮುಚ್ಚಿಡುವಂಥದ್ದು ನಮ್ಮಲ್ಲೇನಿದೆ?' ಎಂದು ಹಿರಿಯರೊಬ್ಬರು ನನ್ನನ್ನು ಕೇಳಿದರು. ಮನೆಗೆ ಬಾಗಿಲಿಡುವುದು ಒಳಗೆ ಅಪರಾಧ ನಡೆಯುತ್ತಿದೆಯೆಂದಲ್ಲ. 'ದೊಡ್ಡ ಕಂಪನಿಗಳಿಗೆ ಎಲ್ಲವೂ ಈಗಾಗಲೇ ತಿಳಿದಿದೆ, ಇನ್ನೇನು ಉಳಿದಿದೆ' ಎನ್ನುವವರೂ ಇದ್ದಾರೆ. ಹೊಳೆಯ ನೀರು ಕಲುಷಿತವೆಂದು ನಾವು ನೀರು ಸೋಸುವುದನ್ನು ಬಿಟ್ಟಿದ್ದೇವೆಯೇ? ಹೊರಗೆ ಎಚ್ಚರ ಕಡಿಮೆಯಾದಷ್ಟೂ ಒಳಗೆ ಹೆಚ್ಚಬೇಕು.

ಈಗ ಕೆಲವರಿಗೆ ಅಪ್ರಿಯವಾಗಬಹುದಾದ ಮಾತನ್ನು ಹೇಳುತ್ತೇನೆ. ಲೆಕ್ಕಪರಿಶೋಧಕನಾಗಿ ಅನೇಕ ಟ್ರಸ್ಟುಗಳ ಪುಸ್ತಕಗಳನ್ನು ನೋಡಿದ್ದೇನೆ. ನಮ್ಮ ಸಮಾಜಗಳಲ್ಲಿ ಒಂದು ವಿಚಿತ್ರ ರೂಢಿ ಬೆಳೆದಿದೆ. ಸದಸ್ಯರ ವೇತನ, ವಯಸ್ಸು, ವಿಳಾಸಗಳನ್ನು ಅಚ್ಚು ಹಾಕಿ ಹಂಚುತ್ತೇವೆ. ಸಂಸ್ಥೆಯ ಜಮಾ ಖರ್ಚನ್ನು ಕೇಳಿದರೆ 'ಅದು ಒಳಗಿನ ವಿಷಯ' ಎನ್ನುತ್ತೇವೆ. ಇದು ತಲೆಕೆಳಗಾದ ಕ್ರಮ. ಖಾಸಗಿತನ ವ್ಯಕ್ತಿಗೆ, ಪಾರದರ್ಶಕತೆ ಸಂಸ್ಥೆಗೆ. 80ಜಿ ಮಾನ್ಯತೆಯಿರುವ ಸಂಸ್ಥೆಗಳು 2021-22ರ ಆರ್ಥಿಕ ವರ್ಷದಿಂದ ದಾನಿಗಳ ವಿವರವನ್ನು ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಬೇಕಾಗಿ ಬಂದುದರಿಂದ ದಾನಿಯ ಪ್ಯಾನ್‌ನಂಥ ಗುರುತಿನ ಸಂಖ್ಯೆ ಕೇಳುವುದು ಅನಿವಾರ್ಯ. ಆದರೆ ಆ ಸಂಖ್ಯೆ ಇಲಾಖೆಗೆ ಹೋಗಬೇಕೇ ಹೊರತು ಸೂಚನಾ ಫಲಕಕ್ಕಲ್ಲ. ದಾನದ ಹಣ ಯಾವುದಕ್ಕೆ ವೆಚ್ಚವಾಯಿತೆಂಬ ಲೆಕ್ಕ ಮಾತ್ರ ಫಲಕದ ಮೇಲೆಯೇ ಇರಬೇಕು. ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟುಗಳ ಲೆಕ್ಕ ಪ್ರತಿವರ್ಷ ಪರಿಶೋಧನೆಗೊಳಗಾಗಿ ಚಾರಿಟಿ ಕಮಿಷನರರ ಕಚೇರಿಗೆ ಹೋಗುತ್ತದೆ. ಸರ್ಕಾರಕ್ಕೆ ತೋರಿಸುವ ಲೆಕ್ಕವನ್ನು ದಾನಿಗಳಿಗೆ ತೋರಿಸಲು ಸಂಕೋಚವೇಕೆ?

ಇದೇ ಅಳತೆಗೋಲಿನಿಂದ ಸರ್ಕಾರವನ್ನೂ ಅಳೆಯಬೇಕು. ಈ ಕಾಯ್ದೆ ಕೆಲವು ಸರ್ಕಾರಿ ಸಂಸ್ಥೆಗಳಿಗೆ ಅಧಿಸೂಚನೆಯ ಮೂಲಕ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರದ ಕೈಯಲ್ಲೇ ಇಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೂ ತಿದ್ದುಪಡಿ ತಂದಿದೆ. ಸಾರ್ವಜನಿಕ ಚಟುವಟಿಕೆಗೆ ಸಂಬಂಧವಿಲ್ಲದ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದೆಂದಿದ್ದ ಕಡೆ ಈಗ ವೈಯಕ್ತಿಕ ಮಾಹಿತಿಯೆಂದರೆ ಸಾಕು, ನಿರಾಕರಿಸಬಹುದು. ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ನೀಡಲು ಅವಕಾಶ ಕೊಡುವ 8(2) ಉಳಿದಿದೆಯೆಂಬುದು ನಿಜ. ಆದರೂ ಅಧಿಕಾರಿಯ ಕೈಗೆ ನಿರಾಕರಣೆಯ ಸುಲಭ ಸಾಧನ ಸಿಕ್ಕಿದೆಯೆಂಬ ಆತಂಕ ನಿರಾಧಾರವಲ್ಲ. ಪ್ರಜೆಯ ಬದುಕು ಬಯಲಾಗಿ ಸರ್ಕಾರದ ಕಡತ ಮುಚ್ಚಿದರೆ ಖಾಸಗಿತನದ ಹಕ್ಕಿಗೆ ಅರ್ಥವಿಲ್ಲ. ಯಾವ ಪಕ್ಷ ಅಧಿಕಾರದಲ್ಲಿದ್ದರೂ ನಾವು ಈ ಮಾತನ್ನು ಹೇಳುತ್ತಿರಬೇಕು.

ಯುವಮಿತ್ರರಿಗೆ ಒಂದು ಮಾತು. ಮಹತ್ವದ ವಿಶ್ವಸ್ಥರೆಂದು ಸರ್ಕಾರ ಗುರುತಿಸುವ ಕಂಪನಿಗಳು ಭಾರತದಲ್ಲಿಯೇ ನೆಲೆಸಿದ ದತ್ತಾಂಶ ಸಂರಕ್ಷಣಾ ಅಧಿಕಾರಿಯನ್ನೂ ಸ್ವತಂತ್ರ ದತ್ತಾಂಶ ಪರಿಶೋಧಕರನ್ನೂ ನೇಮಿಸಬೇಕು. ಕಾನೂನು, ಲೆಕ್ಕಶಾಸ್ತ್ರ, ಗಣಕ ವಿಜ್ಞಾನ ಈ ಮೂರರ ನಡುವೆ ಹೊಸದೊಂದು ವೃತ್ತಿ ತೆರೆದುಕೊಳ್ಳುತ್ತಿದೆ. ಕಕ್ಷಿದಾರನ ಗುಟ್ಟನ್ನು ಅವನ ಒಪ್ಪಿಗೆಯಿಲ್ಲದೆ ಹೊರಗೆ ಹೇಳುವುದು 1949ರ ಕಾಯ್ದೆಯಂತೆ ನಮ್ಮ ವೃತ್ತಿಯಲ್ಲಿ ದುರ್ನಡತೆಯೆನಿಸುತ್ತದೆ. ವ್ಯಾಪಾರದಲ್ಲಿ ನಂಬಿಕೆ ಉಳಿಸಿಕೊಂಡ ಮನೆತನಗಳಲ್ಲಿ ಬೆಳೆದ ನಿಮಗೆ ಈ ಶಿಸ್ತು ಕಷ್ಟವಾಗದು.

ಕೊನೆಯದಾಗಿ, ಸಭೆಯ ಮುಂದೆ ಐದು ಸಲಹೆಗಳನ್ನಿಡುತ್ತೇನೆ. ಒಂದು: ಪರಿಚಯ ಪುಸ್ತಕದಲ್ಲಿ ಕುಟುಂಬದ ಹೆಸರು, ಮೂಲ ಊರು, ವಾಸಿಸುವ ಬಡಾವಣೆ ಮತ್ತು ಒಪ್ಪಿಗೆಯಿದ್ದರೆ ಒಂದೇ ಒಂದು ದೂರವಾಣಿ ಸಂಖ್ಯೆ ಇರಲಿ, ಆದಾಯ, ಜನ್ಮದಿನಾಂಕ, ಮನೆಯ ಸಂಖ್ಯೆ ಬೇಡ. ರಕ್ತದಾನದ ಪಟ್ಟಿಯನ್ನು ಸ್ವಇಚ್ಛೆಯಿಂದ ಸೇರುವವರಿಗಾಗಿ ಪ್ರತ್ಯೇಕವಾಗಿಡೋಣ. ಎರಡು: ಪುಸ್ತಕ ಅಚ್ಚಿನಲ್ಲಿ ಮಾತ್ರ ಬರಲಿ, ಪಿಡಿಎಫ್ ಹಂಚುವುದು ಬೇಡ. ಮೂರು: ವಧೂವರರ ಪರಿಚಯಪತ್ರವನ್ನು ಅವರ ಸ್ವಂತ ಒಪ್ಪಿಗೆಯಿಂದ ಮಾತ್ರ ಪಡೆದು, ಆರು ತಿಂಗಳ ನಂತರ ಅಥವಾ ಅವರು ಹೇಳಿದ ಕೂಡಲೇ ಅಳಿಸಬೇಕು. ನಾಲ್ಕು: ವಿದ್ಯಾರ್ಥಿವೇತನಕ್ಕೂ ವಸತಿಗೃಹಕ್ಕೂ ಆಧಾರ್ ಪ್ರತಿ ಬೇಕೆನಿಸಿದರೆ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನೇ ಸ್ವೀಕರಿಸೋಣ, ಆಧಾರ್ ಪ್ರಾಧಿಕಾರವೇ ಅದನ್ನು ಒದಗಿಸುತ್ತದೆ. ಐದು: ಸಂಸ್ಥೆಯ ಪರಿಶೋಧಿತ ಲೆಕ್ಕಪತ್ರವನ್ನು ಪ್ರತಿವರ್ಷ ಎಲ್ಲ ಸದಸ್ಯರಿಗೂ ಕಳುಹಿಸೋಣ, ಪಿಡಿಎಫ್ ಆಗಿ ಎಲ್ಲ ಬಳಗಗಳಲ್ಲೂ ಹರಿದಾಡಲು ಯೋಗ್ಯವಾದ ಕಡತ ಅದೊಂದೇ.

ವಂಚನೆಯ ಕರೆ ಬಂದರೆ ಕರೆಯನ್ನು ಕಡಿದು, ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ನೀಡಿ ಎಂಬುದನ್ನು ಮನೆಯ ಹಿರಿಯರಿಗೆ ಇಂದೇ ತಿಳಿಸಿ. ಮೇಲಿನ ಸಲಹೆಗಳಲ್ಲಿ ಯಾವುದನ್ನೂ ಸಭೆ ತಿದ್ದಬಹುದು. ನಮೂನೆ ಅಚ್ಚಿಗೆ ಹೋಗುವ ಮುನ್ನ ಇವುಗಳ ಮೇಲೆ ಚರ್ಚೆ ನಡೆಯಲಿ ಎಂಬುದಷ್ಟೇ ನನ್ನ ವಿನಂತಿ.