ಕೆಂಪು ಕಾಲುಚೀಲದ ಭಕ್ತರು

ಆಟಗಾರರನ್ನೋ ತಂಡವನ್ನೋ ಮೆಚ್ಚಿ ಹಿಂಬಾಲಿಸುವವನನ್ನು ನಾವು ಕನ್ನಡದಲ್ಲಿ ಅಭಿಮಾನಿ ಎನ್ನುತ್ತೇವೆ. ವೇದಾಂತಿಗಳಲ್ಲಿ ಈ ಮಾತಿಗೆ ಒಳ್ಳೆಯ ಹೆಸರಿಲ್ಲ. ತನ್ನದಲ್ಲದುದನ್ನು ತನ್ನದೆಂದೂ ತಾನಲ್ಲದುದನ್ನು ತಾನೆಂದೂ ಬಗೆಯುವುದೇ ಅವರ ಲೆಕ್ಕದಲ್ಲಿ ಅಭಿಮಾನ. ಇಂಗ್ಲಿಷಿನ ಫ್ಯಾನ್ ಎಂಬ ಮಾತಿನ ಹುಟ್ಟೂ ಸ್ವಾರಸ್ಯವಾದುದೇ. ಅದು ಫೆನಾಟಿಕ್ ಎಂಬ ಶಬ್ದದ ಮೊಟಕು ರೂಪವೆಂದೂ ಅದರ ಬೇರು ದೇವಾಲಯವೆಂಬರ್ಥದ ಲ್ಯಾಟಿನ್ ಪದವೆಂದೂ ನಿಘಂಟುಕಾರರು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕದ ಬೇಸ್‌ಬಾಲ್ ಜಗತ್ತಿನಲ್ಲಿ ಈ ಮೊಟಕು ಮಾತು ಹರಡಿತು. ದೇವಾಲಯದ ಹುಚ್ಚು ಒಂದು ಕಡೆ, 'ನನ್ನದು' ಎಂಬ ಮೋಹ ಇನ್ನೊಂದು ಕಡೆ. ಇವೆರಡೂ ಒಂದೇ ಊರಿನಲ್ಲಿ ಕೂಡಿಕೊಂಡಾಗ ಏನಾಗುತ್ತದೆಂಬುದನ್ನು ನಾನು ಬಾಸ್ಟನ್ನಿನಲ್ಲಿ ಕಂಡೆ.

ಕನ್ನಡ ಅಧ್ಯಾಪಕನಿಗೂ ಬೇಸ್‌ಬಾಲಿಗೂ ಎಲ್ಲಿಯ ಸಂಬಂಧವೆಂದು ಕೇಳುಗರು ಹುಬ್ಬೇರಿಸಬಹುದು. ಮಗಳ ಸಂಸಾರ ಬಾಸ್ಟನ್ನಿನ ಹೊರವಲಯದಲ್ಲಿದೆ. 2013ರಲ್ಲಿ ಒಮ್ಮೆ, 2019ರಲ್ಲಿ ಒಮ್ಮೆ ಅಲ್ಲಿ ತಿಂಗಳುಗಟ್ಟಲೆ ಇದ್ದೆ. ಪಕ್ಕದ ಮನೆಯಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದರು. ಸಂಜೆಯಾದರೆ ಜಗುಲಿಯಲ್ಲಿ ರೇಡಿಯೋ ಇಟ್ಟುಕೊಂಡು, ತೊಡೆಯ ಮೇಲೊಂದು ಹಲಗೆ, ಅದರ ಮೇಲೊಂದು ಹಾಳೆ, ಕೈಯಲ್ಲಿ ಸೀಸದ ಕಡ್ಡಿ ಹಿಡಿದು ಕೂರುತ್ತಿದ್ದರು. ಒಂದೊಂದು ಚೆಂಡಿಗೂ ಹಾಳೆಯ ಚೌಕಗಳಲ್ಲಿ ಏನೋ ಗುರುತು. ಯಾವುದೋ ಮಂಡಲ ಬರೆಯುತ್ತಿದ್ದಾರೆಂದೇ ನಾನು ಮೊದಲು ಭಾವಿಸಿದ್ದು. "ಬನ್ನಿ ಪ್ರೊಫೆಸರ್, ಓದಲು ಕಲಿಸುತ್ತೇನೆ" ಎಂದರು. ಕಲಿತೆ. ಅವರ ತಂಡದ ಹೆಸರು ರೆಡ್ ಸಾಕ್ಸ್. ಕನ್ನಡದಲ್ಲಿ ಹೇಳುವುದಾದರೆ ಕೆಂಪು ಕಾಲುಚೀಲ. ಸಿಂಹ, ಗರುಡ ಎಂದೆಲ್ಲ ಹೆಸರಿಟ್ಟುಕೊಳ್ಳುವ ತಂಡಗಳ ನಡುವೆ ಈ ನಮ್ರತೆ ನನಗೆ ಹಿಡಿಸಿತು.

ಆಟದ ವಿವರ ಹೆಚ್ಚು ಬೇಡ. ಕ್ರಿಕೆಟ್ ಬಲ್ಲವರಿಗೆ ಇದು ದೂರದ ದಾಯಾದಿ. ಒಂದೊಂದು ತಂಡದಲ್ಲಿ ಒಂಬತ್ತು ಮಂದಿ, ಒಂಬತ್ತು ಇನಿಂಗ್ಸ್, ಮೂವರು ಔಟಾದರೆ ಸರದಿ ಮುಗಿಯಿತು. ತಿಳಿಯಬೇಕಾದ ಸಂಗತಿಗಳು ಎರಡೇ. ಮೊದಲನೆಯದು, ಇಲ್ಲಿ ವೈಫಲ್ಯವೇ ನಿತ್ಯದ ನಿಯಮ. ಹತ್ತು ಸಲದಲ್ಲಿ ಮೂರು ಸಲ ಸರಿಯಾಗಿ ಹೊಡೆದವನು ಉತ್ತಮ ದಾಂಡಿಗ. 1941ರಲ್ಲಿ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ಸಾವಿರಕ್ಕೆ 406ರ ಸರಾಸರಿ ಸಾಧಿಸಿದ್ದನ್ನು ಇಂದಿಗೂ ಪುರಾಣದಂತೆ ಹೇಳುತ್ತಾರೆ. ಅಂದರೆ ಆ ಪುರಾಣಪುರುಷನೂ ಅರ್ಧಕ್ಕಿಂತ ಹೆಚ್ಚು ಸಲ ಸೋತವನೇ. ಎರಡನೆಯದು, ವರ್ಷಕ್ಕೆ 162 ಪಂದ್ಯಗಳು. ಚೈತ್ರದಿಂದ ಆಶ್ವಯುಜದವರೆಗೆ ಹೆಚ್ಚುಕಡಮೆ ದಿನವೂ ಆಟ. 2018ರಲ್ಲಿ ರೆಡ್ ಸಾಕ್ಸ್ 108 ಪಂದ್ಯ ಗೆದ್ದು ತನ್ನ ಚರಿತ್ರೆಯಲ್ಲೇ ಅತಿ ಹೆಚ್ಚಿನ ಗೆಲುವನ್ನು ಕಂಡಿತು. ಆ ವರ್ಷವೂ 54 ರಾತ್ರಿ ಅದರ ಅಭಿಮಾನಿಗಳು ಸೋತೇ ಮಲಗಿದರು. ನಮ್ಮಲ್ಲಿ ದೊಡ್ಡ ಪಂದ್ಯ ಹಬ್ಬದಂತೆ ಬಂದುಹೋಗುತ್ತದೆ. ಅಲ್ಲಿಯದು ಹಬ್ಬವಲ್ಲ, ನಿತ್ಯಪೂಜೆ.

ಬಾಸ್ಟನ್ನಿನವರ ದುಃಖಕ್ಕೆ ಒಂದು ಪೂರ್ವಕಥೆಯಿದೆ. 1903ರಿಂದ 1918ರೊಳಗೆ ಆ ತಂಡ ಐದು ಬಾರಿ ವರ್ಲ್ಡ್ ಸೀರೀಸ್ ಎಂಬ ವರ್ಷಾಂತ್ಯದ ಮಹಾಸರಣಿಯನ್ನು ಗೆದ್ದಿತ್ತು. 1919ರ ಡಿಸೆಂಬರಿನಲ್ಲಿ ಅದರ ಮಾಲೀಕ ಹ್ಯಾರಿ ಫ್ರೇಜಿ, ಬೇಬ್ ರೂತ್ ಎಂಬ ಅಸಾಧಾರಣ ಆಟಗಾರನನ್ನು ನ್ಯೂಯಾರ್ಕಿನ ಯಾಂಕೀಸ್ ತಂಡಕ್ಕೆ ಮಾರಿದ. ಅಲ್ಲಿಯವರೆಗೆ ಒಮ್ಮೆಯೂ ಗೆಲ್ಲದಿದ್ದ ಯಾಂಕೀಸ್ 1923ರಿಂದ 2000ದವರೆಗೆ 26 ಬಾರಿ ಗೆದ್ದಿತು. ಬಾಸ್ಟನ್ ಒಂದು ಸಲವೂ ಇಲ್ಲ. 1946, 1967, 1975, 1986, ಈ ನಾಲ್ಕು ವರ್ಷ ಅಂತಿಮ ಸರಣಿ ತಲುಪಿ, ನಾಲ್ಕು ಸಲವೂ ಏಳನೆಯ, ಅಂದರೆ ಕೊನೆಯ ಪಂದ್ಯದಲ್ಲಿ ಸೋತಿತು. ವಿವೇಕಿಗಳಾದ ಜನ ಇದಕ್ಕೆ ಶಾಪವೆಂದು ಹೆಸರಿಟ್ಟರು. ಶಾಪವಿದ್ದರೆ ವಿಮೋಚನೆಯೂ ಇರಬೇಕಲ್ಲವೆ? ಬರಿಯ ಅಸಾಮರ್ಥ್ಯಕ್ಕೆ ಆ ಸೌಲಭ್ಯವಿಲ್ಲ.

ನೆರೆಯವರ ತಂದೆ ಹುಟ್ಟಿದ್ದು 1919ರಲ್ಲಿ, ತೀರಿಕೊಂಡದ್ದು 2001ರಲ್ಲಿ. ಎಂಬತ್ತೆರಡು ವರ್ಷದ ಬಾಳಿನಲ್ಲಿ ತಮ್ಮ ತಂಡ ಗೆದ್ದದ್ದನ್ನು ಅವರು ಕಾಣಲೇ ಇಲ್ಲ. "ನಮ್ಮಪ್ಪ ನನಗೆ ಬಿಟ್ಟುಹೋದದ್ದು ಒಂದು ಗಡಿಯಾರ, ಒಂದು ರೆಡ್ ಸಾಕ್ಸ್. ಗಡಿಯಾರ ನಡೆಯುತ್ತಿತ್ತು" ಎಂದು ಅವರು ನಗುತ್ತಿದ್ದರು.

1986ರ ಅಕ್ಟೋಬರ್ 25ರ ರಾತ್ರಿಯನ್ನು ಅವರು ನನಗೆ ಕನಿಷ್ಠ ಮೂರು ಸಲ ಹೇಳಿರಬೇಕು. ನ್ಯೂಯಾರ್ಕಿನ ಷೇ ಕ್ರೀಡಾಂಗಣ, ಮೆಟ್ಸ್ ತಂಡದ ಮೇಲೆ ಆರನೆಯ ಪಂದ್ಯ. ಬಾಸ್ಟನ್ ಸರಣಿಯಲ್ಲಿ ಮೂರು ಗೆದ್ದು ಮುಂದಿದೆ. ಇದೊಂದು ಗೆದ್ದರೆ 68 ವರ್ಷಗಳ ತಪಸ್ಸು ಫಲಿಸಿದಂತೆ. ಸಮಬಲವಾಗಿ ಆಟ ಹತ್ತನೆಯ ಇನಿಂಗ್ಸಿಗೆ ಹೋಯಿತು. ಬಾಸ್ಟನ್ ಎರಡು ಓಟ ಮುಂದು. ಮೆಟ್ಸ್ ಕಡೆ ಇಬ್ಬರು ಔಟ್, ಬೇಸ್‌ಗಳ ಮೇಲೆ ಯಾರೂ ಇಲ್ಲ. ಬಾಸ್ಟನ್ನಿಗೆ ಅಭಿನಂದನೆ ಎಂಬ ಸಾಲು ಮೈದಾನದ ಫಲಕದಲ್ಲಿ ಕ್ಷಣಕಾಲ ಹೊಳೆದುಹೋಯಿತಂತೆ. ಅಲ್ಲಿಂದಾಚೆಗೆ ಒಂದು ಹೊಡೆತ, ಇನ್ನೊಂದು, ಮತ್ತೊಂದು. ಒಂದು ಓಟ ಬಂತು. ಪಿಚರ್ ಬಾಬ್ ಸ್ಟಾನ್ಲಿ ಎಸೆದ ಚೆಂಡೊಂದು ಹಿಡಿಯುವವನ ಕೈಗೆ ಸಿಕ್ಕದೆ ಹೋಗಿ ಎರಡೂ ಕಡೆಯ ಓಟ ಸಮವಾಯಿತು. ಆಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಕುಪ್ಪಳಿಸುತ್ತ ಮೊದಲ ಬೇಸಿನ ಬಿಲ್ ಬಕ್ನರ್ ಕಡೆಗೆ ಬಂತು. ಮಕ್ಕಳೂ ಹಿಡಿಯಬಹುದಾದ ಚೆಂಡೆಂದು ಜನ ಇಂದಿಗೂ ಅನ್ನುತ್ತಾರೆ. ಅದು ಅವನ ಎರಡು ಕಾಲುಗಳ ನಡುವೆ ಹಾದುಹೋಯಿತು. ಮೆಟ್ಸ್ ಗೆದ್ದಿತು, ಎರಡು ದಿನದ ಮೇಲೆ ಏಳನೆಯ ಪಂದ್ಯವನ್ನೂ ಗೆದ್ದುಕೊಂಡಿತು.

ಈ ಬಕ್ನರ್ ಯಾರೋ ಅಯೋಗ್ಯನಲ್ಲ. ಬಾಳಿನಲ್ಲಿ 2,715 ಬಾರಿ ಸರಿಯಾಗಿ ಹೊಡೆದವನು. 1980ರಲ್ಲಿ ಷಿಕಾಗೋ ತಂಡದಲ್ಲಿದ್ದಾಗ ಲೀಗಿನಲ್ಲೇ ಉತ್ತಮ ಸರಾಸರಿ ಅವನದು. ಆ ಹೊತ್ತಿಗೆ ಅವನ ಹರಡುಗಳು ಹಾಳಾಗಿದ್ದುವು, ಕುಂಟುತ್ತಲೇ ಆಡುತ್ತಿದ್ದ. ಚೆಂಡು ತಪ್ಪುವ ಮೊದಲೇ ಓಟ ಸಮವಾಗಿತ್ತು, ಇನ್ನೂ ಒಂದು ಪಂದ್ಯ ಬಾಕಿಯಿತ್ತು. ಆದರೆ ನೊಂದ ಭಕ್ತನಿಗೆ ಲೆಕ್ಕ ಬೇಕಾಗುವುದಿಲ್ಲ, ಒಬ್ಬ ಮನುಷ್ಯ ಬೇಕಾಗುತ್ತಾನೆ. ಗೇಲಿ, ಬೈಗುಳ, ಬೆದರಿಕೆ ಎಲ್ಲ ಅವನ ಬೆನ್ನು ಹತ್ತಿದುವು. 1990ರಲ್ಲಿ ಅದೇ ತಂಡಕ್ಕೆ ಆಡಲು ಮರಳಿದಾಗ ಮೈದಾನದಲ್ಲಿ ಚಪ್ಪಾಳೆಯೇನೋ ಬಿತ್ತು. ಬೀದಿಯ ಚುಚ್ಚುಮಾತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಆತ ಸಂಸಾರ ಕಟ್ಟಿಕೊಂಡು ದೂರದ ಐಡಹೋ ಪ್ರಾಂತಕ್ಕೆ ಹೊರಟುಹೋದ. ಷಿಕಾಗೋದ ಭಕ್ತರೂ ಕಡಮೆಯಿಲ್ಲ. 2003ರಲ್ಲಿ ಅಂಚಿಗೆ ಬಂದ ಚೆಂಡಿಗೆ ಇತರರಂತೆ ಕೈಚಾಚಿದ ಯುವಕ ಪ್ರೇಕ್ಷಕನೊಬ್ಬನನ್ನು ಕಾವಲುಗಾರರು ರಕ್ಷಿಸಿ ಹೊರಗೆ ಕರೆದೊಯ್ಯಬೇಕಾಯಿತು. ಆತನೂ ಅದೇ ತಂಡದ ಅಭಿಮಾನಿ.

ನಮ್ಮ ಕಾವ್ಯಗಳಲ್ಲಿ ವಿರಹದ ಭಕ್ತಿಗೆ ಎತ್ತರದ ಸ್ಥಾನವಿದೆ. ಬೇಸ್‌ಬಾಲಿನ ಅಭಿಮಾನಿಗಳನ್ನು ಕಂಡು ನನಗೂ ಮೊದಲು ಹೊಳೆದದ್ದು ಆ ಹೋಲಿಕೆಯೇ. ಆದರೆ ವಿರಹಿಣಿಯು ತನ್ನ ದೇವರನ್ನು ಬೈಯುತ್ತಾಳೆಯೇ ಹೊರತು ಗುಡಿಯ ಪರಿಚಾರಕನ ಮನೆಗೆ ಕಲ್ಲೆಸೆಯುವುದಿಲ್ಲ. ಹೋಲಿಕೆಯನ್ನು ಅಲ್ಲಿಗೇ ಬಿಟ್ಟೆ.

2004ರಲ್ಲಿ ಶಾಪವಿಮೋಚನೆಯಾಯಿತು. ಲೀಗಿನ ಅಂತಿಮ ಸುತ್ತಿನಲ್ಲಿ ಅದೇ ಯಾಂಕೀಸ್ ಎದುರು ಮೊದಲ ಮೂರೂ ಪಂದ್ಯ ಸೋತ ಬಾಸ್ಟನ್, ಉಳಿದ ನಾಲ್ಕನ್ನೂ ಗೆದ್ದಿತು. ಅದುವರೆಗೆ ಯಾವ ತಂಡವೂ ಇದನ್ನು ಮಾಡಿರಲಿಲ್ಲ. ಅನಂತರ ಸೇಂಟ್ ಲೂಯಿಯ ತಂಡವನ್ನು ನೇರ ನಾಲ್ಕು ಪಂದ್ಯಗಳಲ್ಲಿ ಸೋಲಿಸಿತು. ಅಕ್ಟೋಬರ್ 27ರ ಆ ರಾತ್ರಿ ಪೂರ್ಣ ಚಂದ್ರಗ್ರಹಣ. ಪಂಚಾಂಗ ನೋಡದ ಜನಕ್ಕೂ ರೋಮಾಂಚವಾಯಿತಂತೆ. ಮರುದಿನ ಬಾಸ್ಟನ್ ಸುತ್ತಲಿನ ಸ್ಮಶಾನಗಳಲ್ಲಿ ಜನ. ತಂದೆಯ, ಅಜ್ಜನ ಸಮಾಧಿಯ ಮೇಲೆ ತಂಡದ ಟೋಪಿ, ಬಾವುಟ, ಆ ದಿನದ ವೃತ್ತಪತ್ರಿಕೆ. ನಮ್ಮ ನೆರೆಯವರೂ ಪತ್ರಿಕೆಯೊಂದನ್ನು ಒಯ್ದಿದ್ದರು. ಗಾಳಿಗೆ ಹಾರದಂತೆ ಕಲ್ಲಿಟ್ಟು ಬಂದೆನೆಂದರು. 2016ರಲ್ಲಿ ಷಿಕಾಗೋದ ಕಬ್ಸ್ ತಂಡ 108 ವರ್ಷಗಳ ಮೇಲೆ ಗೆದ್ದಾಗ ಅಲ್ಲಿಯವರು ರಿಗ್ಲಿ ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಸತ್ತವರ ಹೆಸರು ಬರೆದರು. ಕೈಗೆಟುಕುವಷ್ಟು ಎತ್ತರಕ್ಕೂ ಹೆಸರುಗಳು. ನಾನು ನೋಡಿದ ಯಾವ ಶ್ರಾದ್ಧಕ್ಕೂ ಇದು ಕಡಮೆಯೆನ್ನಲಾರೆ.

ಆದರೆ ಅದೇ 2004ರಲ್ಲಿ, ಯಾಂಕೀಸ್ ಮೇಲೆ ಗೆದ್ದ ರಾತ್ರಿ, ಫೆನ್‌ವೇ ಮೈದಾನದ ಹೊರಗಿನ ಗದ್ದಲವನ್ನು ಚದರಿಸಲು ಪೊಲೀಸರು ಹಾರಿಸಿದ ಗುಂಡೊಂದು ತಗುಲಿ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿಯೊಬ್ಬಳು ಸತ್ತಳು. ಕೊಲ್ಲಬಾರದೆಂದೇ ತಯಾರಿಸಿದ್ದ, ಖಾರದ ಪುಡಿ ತುಂಬಿದ ಗುಂಡು ಅದು. ನಮ್ಮ ಬೆಂಗಳೂರಿನ ತಂಡ ಹದಿನೆಂಟು ವರ್ಷ ಕಾದು 2025ರ ಜೂನ್ 3ರಂದು ಗೆದ್ದಾಗ ನಮ್ಮ ಬೀದಿಯ ಹುಡುಗರೊಡನೆ ನಾನೂ ನಡುರಾತ್ರಿಯವರೆಗೆ ಎಚ್ಚರವಿದ್ದೆ. ಮರುದಿನ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ ಹನ್ನೊಂದು ಮಂದಿ ಸತ್ತ ಸುದ್ದಿ ಬಂದಾಗ ನನಗೆ ನೆನಪಾದದ್ದು ಆ ಹುಡುಗಿ. ಗೆಲುವಿಗೆ ಕಾಯುವುದು ಹೇಗೆಂದು ಅಭಿಮಾನಿಗೆ ತಾನಾಗಿಯೇ ಗೊತ್ತಾಗುತ್ತದೆ. ಗೆದ್ದ ಸಂಜೆ ಅವನನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವುದು ಬಲ್ಲವರು ಮೊದಲೇ ಯೋಚಿಸಬೇಕಾದ ಕೆಲಸ.

2008ರ ಏಪ್ರಿಲ್ 8ರಂದು ಋತುವಿನ ತವರಿನ ಮೊದಲ ಪಂದ್ಯಕ್ಕೆ ಬಕ್ನರನನ್ನು ಬಾಸ್ಟನ್ನಿಗೆ ಕರೆಸಿದರು. ಫೆನ್‌ವೇಯ ಎತ್ತರದ ಹಸಿರು ಗೋಡೆಯ ಕಡೆಯಿಂದ ಅವನು ಒಬ್ಬನೇ ನಡೆದುಬಂದ. ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವನು ಕಣ್ಣೊರಸಿಕೊಂಡು ಹಳೆಯ ಜೊತೆಗಾರ ಡ್ವೈಟ್ ಎವನ್ಸ್‌ಗೆ ಶಾಸ್ತ್ರದ ಮೊದಲ ಚೆಂಡನ್ನೆಸೆದ. ನೆರೆಯವರು ಅಂದು ಅಲ್ಲಿದ್ದರು. "ನಾವು ಅವನನ್ನು ಕ್ಷಮಿಸಿದೆವೆಂದು ಪತ್ರಿಕೆಗಳು ಬರೆದುವು. ಹಾಗಲ್ಲ ಪ್ರೊಫೆಸರ್, ನಾವು ಎದ್ದುನಿಂತದ್ದು ಕೇಳಿಕೊಳ್ಳುವುದಕ್ಕೆ" ಎಂದರು. 2019ರ ಮೇ 27ರಂದು ಬಕ್ನರ್ ತೀರಿಕೊಂಡ ಸುದ್ದಿ ಬಂದಾಗ ನಾನು ಅಲ್ಲೇ ಇದ್ದೆ. ಅಂದು ಅಮೆರಿಕದವರು ಯುದ್ಧದಲ್ಲಿ ಮಡಿದವರನ್ನು ನೆನೆಯುವ ದಿನ. ಆ ಸಂಜೆ ಅವರ ಜಗುಲಿಯಲ್ಲಿ ರೇಡಿಯೋ ಹಾಡಲಿಲ್ಲ.

ಗೆದ್ದ ಮೇಲೆ ಅಭಿಮಾನಿಯ ಕಷ್ಟ ತೀರಿತೆಂದಲ್ಲ, ಅದರ ಬಗೆ ಬದಲಾಯಿತು. ರೆಡ್ ಸಾಕ್ಸ್ 2012ರಲ್ಲಿ ತನ್ನ ವಿಭಾಗದ ತಳದಲ್ಲಿತ್ತು, 2013ರಲ್ಲಿ ಚಾಂಪಿಯನ್, 2014ರಲ್ಲಿ ಮತ್ತೆ ತಳ. 2018ರ ಅತ್ಯುತ್ತಮ ಆಟಗಾರ ಮೂಕಿ ಬೆಟ್ಸ್‌ನನ್ನು 2020ರ ಆರಂಭದಲ್ಲಿ ಲಾಸ್ ಏಂಜಲಿಸ್ ಡಾಡ್ಜರ್ಸ್ ತಂಡಕ್ಕೆ ಬಿಟ್ಟುಕೊಟ್ಟರು. ಆ ವರ್ಷ ಗೆದ್ದದ್ದು ಡಾಡ್ಜರ್ಸ್, ತಳ ಸೇರಿದ್ದು ಬಾಸ್ಟನ್. ನೂರು ವರ್ಷದ ಹಿಂದಿನ ಕಥೆಯೇ. ಮಾರುವವರು ಬೇರೆ, ಅಳುವವರು ಬೇರೆ. ಇದರ ತುದಿಯನ್ನು ಕಂಡವರು ಬ್ರೂಕ್ಲಿನ್ನಿನವರು. ಈ ಡಾಡ್ಜರ್ಸ್ ಮೊದಲು ಅವರ ತಂಡ. 1955ರಲ್ಲಿ ಒಂದೇ ಒಂದು ಸಲ ಅವರಿಗಾಗಿ ವರ್ಲ್ಡ್ ಸೀರೀಸ್ ಗೆದ್ದಿತು. 1957ರ ಬಳಿಕ ಮಾಲೀಕರು ತಂಡವನ್ನೇ ಲಾಸ್ ಏಂಜಲಿಸಿಗೆ ಸಾಗಿಸಿದರು. 1960ರಲ್ಲಿ ಮೈದಾನವನ್ನು ಕೆಡವಿ ವಸತಿಗೃಹಗಳನ್ನು ಕಟ್ಟಿದರು. ಸೋಲುವ ದೇವರೊಡನೆ ಬಾಳಬಹುದು. ದೇವರೇ ಗುಳೆ ಹೋದರೆ ಏನು ಮಾಡುವುದು?

ನಾನೀಗ ಮೈಸೂರಿನಲ್ಲಿದ್ದೇನೆ. ಬಾಸ್ಟನ್ನಿನಲ್ಲಿ ಸಂಜೆ ಏಳೂ ಹತ್ತಕ್ಕೆ ಆಟ ಆರಂಭವಾದರೆ ನಮ್ಮಲ್ಲಿ ಮರುದಿನ ಬೆಳಗಿನ ಜಾವ ನಾಲ್ಕೂ ನಲವತ್ತು. ಹಿಂದಿನವರು ಧ್ಯಾನಕ್ಕೆ ಮೀಸಲಿಟ್ಟ ಹೊತ್ತಿನಲ್ಲಿ ನಾನು ಮೊಬೈಲನ್ನು ಕಿವಿಗಿಟ್ಟುಕೊಂಡು ವೀಕ್ಷಕ ವಿವರಣೆ ಕೇಳುತ್ತೇನೆ. ಎದುರು ಮನೆಯ ಸುಪ್ರಭಾತವೂ ಮೂರನೆಯ ಇನಿಂಗ್ಸೂ ಒಟ್ಟಿಗೆ ಬರುತ್ತವೆ. ಮನೆಯಾಕೆ, "ಗೆದ್ದರೇನು ನಿಮ್ಮವರು?" ಎಂದು ಕಾಫಿ ತಂದಿಡುವಾಗ ಸಾಮಾನ್ಯವಾಗಿ ಉತ್ತರ ನನ್ನ ಮುಖದ ಮೇಲೇ ಇರುತ್ತದೆ. ಬೇಸ್‌ಬಾಲ್ ಕೇಳಲು ಬಾನುಲಿಯಷ್ಟು ತಕ್ಕ ಸಾಧನ ಇನ್ನೊಂದಿಲ್ಲ. ಎರಡು ಎಸೆತಗಳ ನಡುವಣ ಬಿಡುವಿನಲ್ಲಿ ಗಾಳಿಯ ದಿಕ್ಕು, ಯಾವನೋ ಹಳೆಯ ಆಟಗಾರನ ಪ್ರಸಂಗ, ಕಡಲೆಕಾಯಿ ಮಾರುವವನ ಕೂಗು, ಎಲ್ಲಕ್ಕೂ ಜಾಗವಿದೆ. ಆಕಾಶವಾಣಿಯವರು ನನ್ನನ್ನು ಮೆಚ್ಚಲೆಂದು ಆಡಿದ ಮಾತಲ್ಲ ಇದು.

ಅಕ್ಟೋಬರಿನಲ್ಲಿ ಆಟ ಮುಗಿಯುತ್ತದೆ. ಬಾಸ್ಟನ್ನಿನಲ್ಲಿ ಎಲೆ ಉದುರಿ ಹಿಮ ಬೀಳುತ್ತದೆ. ಫೆಬ್ರುವರಿಯ ಆರಂಭದಲ್ಲಿ ಫೆನ್‌ವೇ ಮೈದಾನದ ಎದುರಿಗೆ ಒಂದು ದೊಡ್ಡ ಲಾರಿ ಬಂದು ನಿಲ್ಲುತ್ತದೆ. ಸುಮಾರು ಇಪ್ಪತ್ತು ಸಾವಿರ ಚೆಂಡುಗಳು, ಸಾವಿರಕ್ಕೂ ಮೇಲ್ಪಟ್ಟು ಬ್ಯಾಟುಗಳು, ಪೆಟ್ಟಿಗೆಗಟ್ಟಲೆ ಸೂರ್ಯಕಾಂತಿ ಬೀಜ, ಎಲ್ಲವನ್ನೂ ತುಂಬಿಕೊಂಡು ಸುಮಾರು ಸಾವಿರದೈನೂರು ಮೈಲಿ ದೂರದ ಫ್ಲಾರಿಡಾಕ್ಕೆ, ವಸಂತದ ತಾಲೀಮಿಗೆ ಹೊರಡುತ್ತದೆ. ಆಟಗಾರರು ಅದರಲ್ಲಿ ಇರುವುದಿಲ್ಲ, ಬರಿಯ ಸಾಮಾನು. ಆದರೂ ಜನ ಉಣ್ಣೆಯ ಟೋಪಿ ಕಿವಿಯವರೆಗೆ ಎಳೆದುಕೊಂಡು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಹಿಮದಲ್ಲಿ ನಿಂತು ಆ ಲಾರಿಗೆ ಕೈಬೀಸುತ್ತಾರೆ. ನೆರೆಯವರು ಹೋದ ವರ್ಷ ಅದರದೊಂದು ಚಿತ್ರ ಕಳಿಸಿದ್ದರು. ಲಾರಿ ಆಗಲೇ ತಿರುವು ದಾಟಿದೆ. ಬೆನ್ನು ಮಾತ್ರ ಕಾಣುತ್ತದೆ. ಚಿತ್ರದ ಕೆಳಗೆ ಅವರ ಒಂದೇ ಸಾಲು: ಈ ಸಲ ಪಿಚರುಗಳು ಪರವಾಗಿಲ್ಲ, ಪ್ರೊಫೆಸರ್.