ನೀರಿನ ಮಟ್ಟ ಮತ್ತು ತೆಪ್ಪದ ಪಯಣ



ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯಲ್ಲಿ ಕಾವೇರಿಯು ಬಂಡೆಗಳ ನಡುವೆ ಹರಿಯುತ್ತದೆ. ಹರಿಗೋಲುಗಳ ಈ ನೀರಿನಲ್ಲಿ ಪ್ರವಾಸಿಗರನ್ನು ಹೊತ್ತ ರಬ್ಬರ್ ತೆಪ್ಪಗಳೂ ತೇಲುತ್ತವೆ. ತೆಪ್ಪ ಎಂದು ಇಳಿಯಬೇಕು, ಎಂದು ದಡದಲ್ಲಿಯೇ ಉಳಿಯಬೇಕು ಎಂಬುದನ್ನು ಹೊಳೆಯ ಮಟ್ಟ ನಿರ್ಧರಿಸುತ್ತದೆ. ಆ ಮಟ್ಟವನ್ನಾದರೋ ಬಹುಮಟ್ಟಿಗೆ ಮೇಲಿನ ಅಣೆಕಟ್ಟೆಯ ಬಾಗಿಲು ನಿರ್ಧರಿಸುತ್ತದೆ.

ಹರಿವನ್ನು ಅಳೆಯುವ ಮಾನ ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ನೀರು. ಹರಿವು ತೀರ ಕಡಿಮೆಯಾದರೆ ಬಂಡೆಗಳು ತಲೆಯೆತ್ತಿ ತೆಪ್ಪ ಸಿಕ್ಕಿಕೊಳ್ಳುತ್ತದೆ. ಹದವಾಗಿದ್ದರೆ ನೊರೆಯ ನಡುವೆ ದಾರಿ ಕಾಣುತ್ತದೆ. ಮಿತಿಮೀರಿದರೆ ಬಂಡೆಗಳು ಮುಳುಗಿ, ಅವುಗಳ ಹಿಂದೆ ಮನುಷ್ಯನನ್ನು ಹಿಡಿದಿಡುವ ಸುಳಿಗಳು ಹುಟ್ಟುತ್ತವೆ. ದಡದ ಮರಗಳ ಕೊಂಬೆಗಳೇ ಬಲೆಗಳಾಗುತ್ತವೆ. ನೀರಿನ ವೇಗ ಎರಡು ಪಟ್ಟಾದರೆ ಅದು ದೇಹದ ಮೇಲೆ ಹೇರುವ ಬಲ ನಾಲ್ಕು ಪಟ್ಟಾಗುತ್ತದೆ. ಹೊಳೆಯ ರಭಸವನ್ನು 1ರಿಂದ 6ರವರೆಗೆ ವರ್ಗೀಕರಿಸುವ ಅಂತರರಾಷ್ಟ್ರೀಯ ಪದ್ಧತಿಯುಂಟು. ಒಂದೇ ಸ್ಥಳವು ಬೇಸಿಗೆಯಲ್ಲಿ ಒಂದು ವರ್ಗಕ್ಕೂ ಮಳೆಗಾಲದಲ್ಲಿ ಇನ್ನೊಂದಕ್ಕೂ ಸೇರಬಹುದು.

ಕೊಡಗಿನ ಬರಪೊಳೆಯಲ್ಲಿ ಮುಂಗಾರೇ ತೆಪ್ಪದ ಕಾಲ. ಮಳೆ ಹಿಂದೆ ಸರಿದಂತೆ ಪಯಣವೂ ನಿಲ್ಲುತ್ತದೆ. ಕಾಳಿಯ ಗಣೇಶಗುಡಿಯಲ್ಲಿ ಸೂಪಾ ವಿದ್ಯುದಾಗಾರ ನೀರು ಬಿಟ್ಟಾಗ ತೆಪ್ಪ ಹೊರಡುತ್ತದೆ. ಭೀಮೇಶ್ವರಿಯ ಲೆಕ್ಕ ಇವೆರಡಕ್ಕಿಂತಲೂ ಜಟಿಲ. ಅಲ್ಲಿಗೆ ಕೃಷ್ಣರಾಜಸಾಗರದ ನೀರೂ ಕಬಿನಿಯ ನೀರೂ ಬರುತ್ತವೆ. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತಿಗಾಗಿ ತಿರುಗಿಸಲಾಗುತ್ತಿರುವ ನೀರು ಮರಳಿ ಹೊಳೆಗೇ ಸೇರುತ್ತದೆ. ಮದ್ದೂರನ್ನು ಹಾದು ಬರುವ ಶಿಂಷೆಯೂ ಕಾವೇರಿಯನ್ನು ಕೂಡುತ್ತಾಳೆ.

2023ರಲ್ಲಿ ಮುಂಗಾರು ಕೈಕೊಟ್ಟು ಕೃಷ್ಣರಾಜಸಾಗರ ತುಂಬಲಿಲ್ಲ. ತಮಿಳುನಾಡಿಗೆ ದಿನಕ್ಕೆ 5,000 ಕ್ಯೂಸೆಕ್‌ನಂತೆ ನೀರು ಹರಿಸುವ ಆದೇಶವಾದಾಗ ಮಂಡ್ಯದ ರೈತರು ಬೀದಿಗಿಳಿದರು. ವಿಶ್ವೇಶ್ವರಯ್ಯ ನಾಲೆಯನ್ನು ನಂಬಿದ ಭತ್ತ, ಕಬ್ಬುಗಳ ಚಿಂತೆ ಅವರದು. ಗಡಿಯತ್ತ ಹೊರಟ ಆ ನೀರು ಹಾದುಹೋಗುವ ದಾರಿಯೇ ಭೀಮೇಶ್ವರಿ. ಆದುದರಿಂದ ತೆಪ್ಪ ತೇಲುವಷ್ಟು ನೀರಿದೆಯೆಂದ ಮಾತ್ರಕ್ಕೆ ನಾಡು ಸುಭಿಕ್ಷವಾಗಿದೆಯೆಂದು ತಿಳಿಯಲಾಗದು. ಮರುವರ್ಷ, 2024ರ ಜುಲೈನಲ್ಲಿ, ಜಲಾಶಯ ತುಂಬಿ ಹೊರಹರಿವು ಲಕ್ಷ ಕ್ಯೂಸೆಕ್ಕನ್ನು ಮೀರಿತು. ಅಂಥ ನೀರಿನಲ್ಲಿ ತೆಪ್ಪ ಇಳಿಸುವುದು ಸಾಹಸವೆನಿಸದು, ಅವಿವೇಕವೆನಿಸುತ್ತದೆ.

ತೆಪ್ಪವು ನೀರನ್ನು ಕುಡಿಯುವುದಿಲ್ಲ. ಆದರೂ ಕುಡಿಯುವ ನೀರು, ಬೆಳೆ, ಮೀನು ಇವುಗಳ ಅಗತ್ಯ ಮೊದಲಿನದು; ವಿಹಾರದ ಸರದಿ ಕೊನೆಯದು. ವಾಣಿಜ್ಯ ವಿಹಾರಕ್ಕಾಗಿ ಬಾಗಿಲು ತೆರೆಯಬೇಕೆಂಬ ಒತ್ತಾಯ ನ್ಯಾಯಸಮ್ಮತವಲ್ಲ.

ಆದರೆ ನೀರು ಬಿಡುವ ಮುನ್ಸೂಚನೆಯನ್ನು ಕೇಳುವ ಹಕ್ಕು ಎಲ್ಲರಿಗೂ ಇದೆ. ಬಿಸಿಲು ಕಾಯುತ್ತಿರುವ ದಿನವೂ ಮೇಲಿನಿಂದ ಬಿಟ್ಟ ನೀರು ಹೊಳೆಯನ್ನು ಏರಿಸಬಲ್ಲದು. ಮುತ್ತತ್ತಿಯಲ್ಲಿ ಆಂಜನೇಯನ ದರ್ಶನಕ್ಕೆ ಬಂದು ಸ್ನಾನಕ್ಕಿಳಿಯುವ ಭಕ್ತರಿಗೆ, ದನ ಮೇಯಿಸುವ ಮಕ್ಕಳಿಗೆ, ಮೀನುಗಾರರಿಗೆ ರಕ್ಷಣಾ ಕವಚಗಳಿಲ್ಲ. ಎಷ್ಟು ಕ್ಯೂಸೆಕ್, ಯಾವ ಗಂಟೆಗೆ ಬಿಡಲಾಗುವುದು ಎಂಬುದು ಪ್ರತಿ ಗ್ರಾಮ ಪಂಚಾಯಿತಿಗೂ ಮುಂಚಿತವಾಗಿ ತಲುಪಬೇಕು. ದಡದಲ್ಲಿ ಎರಡು ಗುರುತುಗಳುಳ್ಳ ಮಟ್ಟಗಲ್ಲು ನಿಲ್ಲಬೇಕು: ಕೆಳಗಿನದಕ್ಕಿಂತ ನೀರು ಇಳಿದರೂ, ಮೇಲಿನದನ್ನು ಮುಟ್ಟಿದರೂ ತೆಪ್ಪ ಹೊರಡಬಾರದು. ಆ ದಿನ ಟಿಕೆಟ್ ಹಣವನ್ನು ಮರಳಿಸುವ ನಿಯಮವೂ ಇದ್ದರೆ ಲಾಭದ ಆಸೆಯು ವಿವೇಕವನ್ನು ಮೀರುವುದಿಲ್ಲ.

ಮಲೆನಾಡಿನವರಿಗೆ ಇದು ದೂರದ ಬಯಲಿನ ಕಥೆಯಲ್ಲ. ತಲಕಾವೇರಿಯಿಂದಲೂ ಹೇಮಾವತಿಯ ಮೂಲದಿಂದಲೂ ಇಳಿದ ನೀರೇ ಅಲ್ಲಿ ಹರಿಯುತ್ತದೆ. ಶೋಲಾ ಕಾಡು, ಹುಲ್ಲುಗಾವಲುಗಳು ಮಳೆಯನ್ನು ಮಣ್ಣಿನಲ್ಲಿ ಇಂಗಿಸಿ ಬೇಸಿಗೆಗೂ ಸ್ವಲ್ಪ ಉಳಿಸುತ್ತವೆ. ಅವು ಅಳಿದರೆ ಮಳೆಗಾಲದಲ್ಲಿ ಕೆಂಪು ಪ್ರವಾಹ, ಬೇಸಿಗೆಯಲ್ಲಿ ಬರಿ ಬಂಡೆ. ವಿದ್ಯಾರ್ಥಿಗಳು ತಮ್ಮೂರಿನ ಹಳ್ಳಕ್ಕೆ ಒಂದು ಅಳತೆಗೋಲು ನೆಟ್ಟು, ಪ್ರತಿದಿನದ ಮಟ್ಟವನ್ನು ಬರೆದಿಡಲಿ. ಮೂರು ಮಳೆಗಾಲಗಳ ಅಂಥ ಪುಸ್ತಕ ಪಂಚಾಯಿತಿಯ ಮುಂದಿದ್ದರೆ ಹಳ್ಳದ ಪರವಾದ ಮಾತಿಗೆ ಆಧಾರವಿರುತ್ತದೆ.