ಮಕ್ಕಳ ಕ್ಯಾನ್ಸರ್ ಮತ್ತು ತಂದೆತಾಯಿಯರ ಹೊಣೆ



ನಮ್ಮ ಹಳ್ಳಿಗಳಲ್ಲಿ ಸೈಕಲ್ ಎಂಬುದು ಹಾಲನ್ನು ಡೈರಿಗೂ, ಹುಲ್ಲಿನ ಹೊರೆಯನ್ನು ಕೊಟ್ಟಿಗೆಗೂ, ಮಕ್ಕಳನ್ನು ಶಾಲೆಗೂ ಮುಟ್ಟಿಸುವ ವಾಹನ. ಅದೇ ಸೈಕಲ್ಲು ಕ್ಯಾನ್ಸರ್ ಪೀಡಿತರ ಚಿಕಿತ್ಸೆಗೂ ನೆರವಾಗಬಲ್ಲುದೆಂಬುದಕ್ಕೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಒಂದು ನಿದರ್ಶನವಿದೆ. ಅದನ್ನು ಮೊದಲು ತಿಳಿಸಿ, ಬಳಿಕ ಮಕ್ಕಳ ಕ್ಯಾನ್ಸರಿನ ಬಗ್ಗೆ ದಂಪತಿಗಳು ಅರಿತಿರಬೇಕಾದ ಕೆಲವು ಅಂಶಗಳನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಬಿಲ್ಲಿ ಸ್ಟಾರ್ ಎಂಬವರ ತಾಯಿ 1974ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆ ದುಃಖವನ್ನು ಒಂದು ಸತ್ಕಾರ್ಯವಾಗಿ ಮಾರ್ಪಡಿಸಲು ನಿಶ್ಚಯಿಸಿದ ಅವರು 1980ರಲ್ಲಿ 36 ಮಂದಿಯೊಡನೆ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಿಂದ ಕಡಲಂಚಿನ ಪ್ರಾವಿನ್ಸ್‌ಟೌನ್‌ವರೆಗೆ ಸೈಕಲ್ ಯಾತ್ರೆ ಕೈಗೊಂಡರು. ಸವಾರರು ತಮ್ಮ ಬಂಧುಮಿತ್ರರಿಂದ ದೇಣಿಗೆ ಕೇಳಿ ಪಡೆದರು. ಆ ವರ್ಷ ಕೂಡಿದ ಹಣ 10,200 ಡಾಲರು. 'ಪ್ಯಾನ್ ಮ್ಯಾಸ್ ಚಾಲೆಂಜ್' ಎಂಬ ಹೆಸರಿನ ಈ ಯಾತ್ರೆ ಆಗಸ್ಟ್ ತಿಂಗಳಿನಲ್ಲಿ ನಡೆಯುವ ಸಂಪ್ರದಾಯವಾಗಿ ಬೆಳೆಯಿತು. ಸವಾರರ ಸಂಖ್ಯೆ ಸಾವಿರಗಳಿಗೆ ಏರಿತು. 2024ರ ವೇಳೆಗೆ ಅವರು ಕೂಡಿಸಿದ ಒಟ್ಟು ಹಣ ನೂರು ಕೋಟಿ ಡಾಲರನ್ನು ಮೀರಿತು.

ಈ ಹಣವು 'ಜಿಮ್ಮಿ ನಿಧಿ'ಯ ಮೂಲಕ ಬಾಸ್ಟನ್ ನಗರದ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಸೇರುತ್ತದೆ. ದೊಡ್ಡವರು, ಮಕ್ಕಳು ಇಬ್ಬರ ಚಿಕಿತ್ಸೆ ಹಾಗೂ ಸಂಶೋಧನೆಗೂ ಅದು ಬಳಕೆಯಾಗುತ್ತದೆ. ಆ ನಿಧಿಯ ಹೆಸರಿನ ಹಿಂದೆ ಒಬ್ಬ ಬಾಲಕನಿದ್ದಾನೆ. 1948ರಲ್ಲಿ ಮೇನ್ ರಾಜ್ಯದ ಒಕ್ಕಲು ಮನೆತನದ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್ ಗಂಟು ಕಾಣಿಸಿಕೊಂಡಿತ್ತು. ನಿಜನಾಮವನ್ನು ಮರೆಮಾಡಿ, 'ಜಿಮ್ಮಿ' ಎಂದು ಕರೆದು, ರೇಡಿಯೋದಲ್ಲಿ ಅವನ ದನಿಯನ್ನು ಕೇಳಿಸಲಾಯಿತು. ಕೇಳಿದವರು ಉದಾರವಾಗಿ ಹಣ ಕಳುಹಿಸಿದರು. ಆ ಹುಡುಗ ಗುಣಹೊಂದಿ, ಲಾರಿ ಚಾಲಕನಾಗಿ ದುಡಿದು, ಮಕ್ಕಳು ಮೊಮ್ಮಕ್ಕಳನ್ನು ಕಂಡು, 65ನೆಯ ವಯಸ್ಸಿನಲ್ಲಿ 2001ರಲ್ಲಿ ನಿಧನನಾದನು.

ಈ ಕಥೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ಆ ಸಂಸ್ಥೆಯನ್ನು ಆರಂಭಿಸಿದ ಡಾಕ್ಟರ್ ಸಿಡ್ನಿ ಫಾರ್ಬರ್ ಅವರು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಅಮಿನಾಪ್ಟೆರಿನ್ ಎಂಬ ಔಷಧವನ್ನು ಕೊಟ್ಟು ನೋಡಿದರು. 16 ಮಕ್ಕಳ ಪೈಕಿ 10 ಮಕ್ಕಳಲ್ಲಿ ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿತೆಂದು 1948ರಲ್ಲಿ ಪ್ರಕಟಿಸಿದರು. ಆ ಔಷಧವನ್ನು ಒದಗಿಸಿದ ಪ್ರಯೋಗಾಲಯದ ಮುಖ್ಯಸ್ಥರು ಆಂಧ್ರದ ಭೀಮಾವರದಲ್ಲಿ 1895ರಲ್ಲಿ ಜನಿಸಿದ ಯಲ್ಲಾಪ್ರಗಡ ಸುಬ್ಬರಾವ್. ಅದೇ ಬಳಗದ ಮೆಥೋಟ್ರೆಕ್ಸೇಟ್ ಎಂಬ ಔಷಧವನ್ನು ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡಲಾಗುತ್ತಿದೆ.

ಅಂದು ಕೆಲವು ತಿಂಗಳುಗಳ ಬಿಡುವು ದೊರೆತರೆ ಅದೇ ದೊಡ್ಡದೆನಿಸಿತ್ತು. ಇಂದು ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ಪೀಡಿತ ಮಕ್ಕಳ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಗುಣಹೊಂದುತ್ತಾರೆ. ಬಡ ದೇಶಗಳಲ್ಲಾದರೋ ಅನೇಕ ಕಡೆ ಈ ಪ್ರಮಾಣ ನೂರಕ್ಕೆ ಮೂವತ್ತನ್ನೂ ಮುಟ್ಟುವುದಿಲ್ಲ. ಈ ಅಂತರವನ್ನು ಕಡಿಮೆ ಮಾಡಲು ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಒಂದು ಯೋಜನೆಯನ್ನು ಆರಂಭಿಸಿ, 2030ರೊಳಗೆ ನೂರಕ್ಕೆ ಅರವತ್ತು ಮಕ್ಕಳಾದರೂ ಬದುಕುಳಿಯಬೇಕೆಂಬ ಗುರಿಯನ್ನಿಟ್ಟುಕೊಂಡಿದೆ. ಅಂತರಕ್ಕೆ ಕಾರಣಗಳು ಹಲವು: ರೋಗವನ್ನು ತಡವಾಗಿ ಗುರುತಿಸುವುದು, ಆಸ್ಪತ್ರೆ ದೂರವಿರುವುದು, ಹಣದ ಅಭಾವ ಮತ್ತು ಚಿಕಿತ್ಸೆಯನ್ನು ನಡುವೆಯೇ ಕೈಬಿಡುವುದು. ಇವುಗಳಲ್ಲಿ ಮೊದಲನೆಯದೂ ಕೊನೆಯದೂ ಬಹುಮಟ್ಟಿಗೆ ಮನೆಯವರ ತಿಳಿವಳಿಕೆಯನ್ನು ಅವಲಂಬಿಸಿವೆ.

ಆದುದರಿಂದ ಈ ಚಿಹ್ನೆಗಳನ್ನು ನೆನಪಿನಲ್ಲಿಡಬೇಕು. ಕಾರಣ ತಿಳಿಯದ ಜ್ವರ ವಾರಗಟ್ಟಲೆ ಬಿಡದಿರುವುದು. ಮಗು ಬಿಳಿಚಿಕೊಂಡು ಸೊರಗುವುದು. ಪೆಟ್ಟು ಬೀಳದೆಯೇ ಮೈಮೇಲೆ ನೀಲಿ ಕಲೆಗಳು ಮೂಡುವುದು, ವಸಡಿನಲ್ಲಿ ರಕ್ತ ಒಸರುವುದು. ಮೂಳೆ ನೋವಿನಿಂದ ಮಗು ಕುಂಟುವುದು. ಹೊಟ್ಟೆ, ಕುತ್ತಿಗೆ ಅಥವಾ ಕಂಕುಳಲ್ಲಿ ಗಂಟು ಬೆಳೆಯುವುದು. ಬೆಳಗ್ಗೆ ಏಳುತ್ತಲೇ ತಲೆನೋವಿನೊಡನೆ ವಾಂತಿಯಾಗುವುದು. ಬೆಳಕಿನಲ್ಲಿ ಕಣ್ಣಿನ ಪಾಪೆ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವುದು. ಇವೆಲ್ಲವೂ ಕ್ಯಾನ್ಸರೇ ಆಗಿರಬೇಕೆಂದಿಲ್ಲ; ಬಹಳ ಸಲ ಬೇರೆ ಸಾಮಾನ್ಯ ಕಾಯಿಲೆಯೇ ಇರುತ್ತದೆ. ಅದನ್ನು ನಿರ್ಧರಿಸುವ ಕೆಲಸವನ್ನು ವೈದ್ಯರಿಗೆ ಬಿಡಬೇಕು. ಗಂಟನ್ನು ತಿಕ್ಕುವುದು, ಬರೆ ಹಾಕಿಸುವುದು, ತಾಯಿತ ಕಟ್ಟಿಸಿ ತಿಂಗಳುಗಟ್ಟಲೆ ಕಾಯುವುದು ಸಲ್ಲದು.

ಈ ರೋಗ ಅಂಟುಜಾಡ್ಯವಲ್ಲ. ಒಂದೇ ತಟ್ಟೆಯಲ್ಲಿ ಉಂಡರೆ, ಒಂದೇ ಚಾಪೆಯಲ್ಲಿ ಮಲಗಿದರೆ ಒಡಹುಟ್ಟಿದವರಿಗೆ ಹರಡುವುದಿಲ್ಲ. ಇದು ಶಾಪವೂ ಅಲ್ಲ, ಪೂರ್ವಜನ್ಮದ ಪಾಪವೂ ಅಲ್ಲ. ಬಸುರಿಯಾಗಿದ್ದಾಗ ಏನನ್ನೋ ತಿಂದಳೆಂದು, ಗ್ರಹಣ ನೋಡಿದಳೆಂದು ಹೆತ್ತವಳನ್ನು ಹಳಿಯುವುದು ಅಜ್ಞಾನ, ಮೇಲಾಗಿ ಅನ್ಯಾಯ. ಇಂತಹ ವೇಳೆಯಲ್ಲಿ ಪತಿಯಾದವನು ಪತ್ನಿಯ ಪಕ್ಕದಲ್ಲಿ ನಿಲ್ಲಬೇಕು.

ಇನ್ನು ಅತಿ ಮುಖ್ಯವಾದ ಮಾತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿಗೆ ಎರಡರಿಂದ ಮೂರು ವರ್ಷಗಳ ಚಿಕಿತ್ಸೆ ಬೇಕಾಗುತ್ತದೆ. ಮೊದಲ ತಿಂಗಳ ಔಷಧದಲ್ಲಿಯೇ ಸಾಮಾನ್ಯವಾಗಿ ಜ್ವರ ಇಳಿದು, ಮಗು ಆಡತೊಡಗುತ್ತದೆ. ಆಗ, ಮಗು ಚೆನ್ನಾಗಿದೆಯಲ್ಲ, ಬಿತ್ತನೆಯ ಕಾಲ ಬಂದಿತು, ಊರಿಗೆ ಹೋಗೋಣವೆಂದು ಮನಸ್ಸು ಎಳೆಯುವುದು ಸಹಜ. ಆದರೆ ಹೊರಗೆ ಕಾಣದ ರೋಗಕಣಗಳು ಒಳಗೆ ಉಳಿದಿರುತ್ತವೆ. ಕಳೆ ಕುಯ್ದು ಬೇರು ಬಿಟ್ಟ ಹೊಲದಂತೆ ರೋಗ ಮರಳಿ ಬರುತ್ತದೆ. ಮರಳಿ ಬಂದ ರೋಗವನ್ನು ಗುಣಪಡಿಸುವುದು ಕಷ್ಟತರ. ಚಿಕಿತ್ಸೆಯಲ್ಲಿ ಕೂದಲು ಉದುರುತ್ತದೆ. ಅದು ಮತ್ತೆ ಬೆಳೆಯುತ್ತದೆ, ಅಂಜಬೇಕಾಗಿಲ್ಲ. ಆದರೆ ಚಿಕಿತ್ಸೆಯ ಕಾಲದಲ್ಲಿ ಜ್ವರ ಬಂದರೆ ಮರುದಿನದವರೆಗೆ ಕಾಯದೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ಅವರ ಪತ್ರದೊಡನೆ ಜಿಲ್ಲಾ ಆಸ್ಪತ್ರೆಗೂ, ಅಗತ್ಯಬಿದ್ದರೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಗೂ ಹೋಗಬಹುದು. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ನೆರವುಂಟು. ಪಡಿತರ ಚೀಟಿಯನ್ನೂ ಆಧಾರ್ ಚೀಟಿಯನ್ನೂ ತಪ್ಪದೆ ಜೊತೆಗೊಯ್ಯಿರಿ. ವಿವರವನ್ನು ಆಶಾ ಕಾರ್ಯಕರ್ತೆಯಿಂದ ತಿಳಿಯಿರಿ.

ನೆರೆಹೊರೆಯವರಿಗೂ ಒಂದು ಮಾತು. ಚಿಕಿತ್ಸೆ ಉಚಿತವಾದರೂ ಬಸ್ಸಿನ ಖರ್ಚು, ಕಳೆದುಹೋದ ಕೂಲಿ, ಮನೆಯಲ್ಲಿ ಉಳಿದ ಮಕ್ಕಳ ಊಟ, ಕೊಟ್ಟಿಗೆಯ ದನಗಳ ಮೇವು ಇವು ತಂದೆತಾಯಿಯರನ್ನು ನಡುದಾರಿಯಲ್ಲಿ ಹಿಂದಕ್ಕೆ ಎಳೆಯುತ್ತವೆ. ಸೈಕಲ್ ಏರಿದ ಆ 36 ಮಂದಿ ವೈದ್ಯರಾಗಿಯೇ ಇರಬೇಕಾಗಿರಲಿಲ್ಲ. ತಮ್ಮ ಕೈಲಾದುದನ್ನು ಕೂಡಿ ಮಾಡಿದರು. ನಮ್ಮ ಹಾಲಿನ ಸಂಘ, ಮಹಿಳಾ ಸಂಘಗಳು ತಿಂಗಳಿಗೊಮ್ಮೆ ಬಸ್ಸಿನ ಖರ್ಚನ್ನು ವಹಿಸಿಕೊಂಡರೆ, ಪಕ್ಕದ ಮನೆಯವರು ದನಗಳ ಹೊಣೆ ಹೊತ್ತರೆ, ಒಂದು ಮಗುವಿನ ಚಿಕಿತ್ಸೆ ಕೊನೆಮುಟ್ಟುತ್ತದೆ.

ಇಂದು ಮನೆಗೆ ಹೋದಮೇಲೆ ದಂಪತಿಗಳಿಬ್ಬರೂ ಕುಳಿತು ಈ ಚಿಹ್ನೆಗಳನ್ನು ಮತ್ತೊಮ್ಮೆ ಓದಿಕೊಳ್ಳಿರೆಂದು ವಿನಂತಿಸಿ, ನನ್ನ ಮಾತನ್ನು ಮುಗಿಸುತ್ತೇನೆ.